ಬಯಾಲಜಿ ಓದುವವರಿಗೆ ಬೇಕಾದಷ್ಟು ಕೆಮಿಸ್ಟ್ರಿ: ಅಡುಗೆಮನೆಯಿಂದ ಶುರು ಮಾಡಿ

ಉಡುಪಿಯಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಪ್ರತಿ ವರ್ಷ ಜೈವಿಕ ಅಣುಗಳ ಪಾಠಕ್ಕೆ ಬಂದಾಗ ಒಂದೇ ಮಾತು ಕೇಳಿಬರುತ್ತದೆ. "ಟೀಚರ್, ಕಪ್ಪೆ, ಎಲೆ, ಹೃದಯ ಎಲ್ಲಾ ಇಷ್ಟ ಅಂತ ಬಯಾಲಜಿ ತಗೊಂಡೆ. ಇಲ್ಲಿ ನೋಡಿದ್ರೆ ಪುನಃ ಕೆಮಿಸ್ಟ್ರಿ." ಹೀಗೆ ಹೇಳುವವರಲ್ಲಿ ತುಂಬ ಜನ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ವಿಷಯ ಅವರಿಗೆ ಕಷ್ಟವಲ್ಲ. ಎಲ್ಲಿಂದ ಹಿಡಿಯಬೇಕು ಅಂತ ಗೊತ್ತಾಗುವುದಿಲ್ಲ, ಅಷ್ಟೇ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಕೆಲಸ ಮಾಡಿ. ಆವರ್ತ ಕೋಷ್ಟಕವನ್ನು ಮಡಚಿ ಪಕ್ಕಕ್ಕಿಡಿ. ಅದರಲ್ಲಿ 118 ಮೂಲಧಾತುಗಳಿವೆ. ನಿಮಗೆ ಸದ್ಯಕ್ಕೆ ಬೇಕಾದದ್ದು ಆರು: ಕಾರ್ಬನ್, ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಫಾಸ್ಫರಸ್, ಸಲ್ಫರ್. ನಮ್ಮ ದೇಹದ ತೂಕವನ್ನು ನೂರು ಪಾಲು ಮಾಡಿದರೆ ಸುಮಾರು 65 ಪಾಲು ಆಕ್ಸಿಜನ್, 18 ಪಾಲು ಕಾರ್ಬನ್, 10 ಪಾಲು ಹೈಡ್ರೋಜನ್, 3 ಪಾಲು ನೈಟ್ರೋಜನ್. ಇವು ನಾಲ್ಕೇ ಸೇರಿ 96 ಪಾಲು ಆಯಿತು. ಉಳಿದದ್ದರಲ್ಲಿ ಮೂಳೆಯ ಕ್ಯಾಲ್ಸಿಯಂ, ರಕ್ತದ ಕಬ್ಬಿಣ, ಉಪ್ಪಿನ ಸೋಡಿಯಂ ಎಲ್ಲ ಬರುತ್ತವೆ. ಅವುಗಳ ಪರಿಚಯ ಆಯಾ ಪಾಠ ಬಂದಾಗ ಮಾಡಿಕೊಂಡರೆ ಸಾಕು.

ಯಾರಿಗೆ ಎಷ್ಟು ಕೈ

ಆರು ಹೆಸರು ಬಾಯಿಗೆ ಬಂತು ಅಂದ ಮೇಲೆ ಪ್ರತಿಯೊಂದಕ್ಕೂ ಎಷ್ಟು ಕೈ ಅಂತ ಕಲಿಯಿರಿ. ಹೈಡ್ರೋಜನ್‌ಗೆ ಒಂದು, ಆಕ್ಸಿಜನ್‌ಗೆ ಎರಡು, ನೈಟ್ರೋಜನ್‌ಗೆ ಮೂರು, ಕಾರ್ಬನ್‌ಗೆ ನಾಲ್ಕು. ಸಲ್ಫರ್‌ಗೆ ಪ್ರೋಟೀನಿನಲ್ಲಿ ಎರಡು, ಫಾಸ್ಫೇಟ್‌ನಲ್ಲಿರುವ (ಅಂದರೆ ಸುತ್ತ ಆಕ್ಸಿಜನ್ ಕೂತಿರುವ) ಫಾಸ್ಫರಸ್‌ಗೆ ಐದು. ಕೈ ಅಂದರೆ ಬಂಧ. ಹೊರಗಿನ ಸುತ್ತಿನಲ್ಲಿ ಎಲೆಕ್ಟ್ರಾನ್ ಕಡಿಮೆ ಇದ್ದವರು ಪಕ್ಕದವರ ಜೊತೆ ಹಂಚಿಕೊಳ್ಳುತ್ತಾರೆ, ಆ ಹಂಚಿಕೆಯೇ ಬಂಧ. ಯಾವ ಕೈಯೂ ಖಾಲಿ ಉಳಿಯಬಾರದು. ಈ ಒಂದು ನಿಯಮ ಹಿಡಿದುಕೊಂಡು ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮೀಥೇನ್ ಬಿಡಿಸಿ, ಆಮೇಲೆ ಎಥನಾಲ್, ಆಮೇಲೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ, ಕೊನೆಗೆ ಅತಿ ಸಣ್ಣ ಅಮೈನೋ ಆಮ್ಲವಾದ ಗ್ಲೈಸಿನ್ (ಅಮೈನೋ ಆಮ್ಲ ಅಂದರೆ ಪ್ರೋಟೀನಿನ ಸರದ ಮಣಿ). ನೋಡಿಕೊಂಡು ನಕಲು ಮಾಡಬೇಡಿ. ಕೈ ಎಣಿಸಿ ಬಿಡಿಸಿ. ತಪ್ಪಿದರೆ ನಿಮಗೇ ಗೊತ್ತಾಗುತ್ತದೆ, ಯಾಕೆಂದರೆ ಎಲ್ಲೋ ಒಂದು ಕೈ ಜಾಸ್ತಿ ಆಗಿರುತ್ತದೆ ಅಥವಾ ಕಡಿಮೆ ಬಿದ್ದಿರುತ್ತದೆ.

ಜೀವ ಯಾಕೆ ಕಾರ್ಬನ್ನನ್ನೇ ಹಿಡಿದುಕೊಂಡಿತು ಅನ್ನುವುದು ಇಷ್ಟು ಬಿಡಿಸುವಾಗಲೇ ಅರ್ಥವಾಗುತ್ತದೆ. ನಾಲ್ಕು ಕೈ ಇರುವವನು ಒಂದು ಕೈಯಲ್ಲಿ ಹಿಂದಿನವನನ್ನು, ಒಂದು ಕೈಯಲ್ಲಿ ಮುಂದಿನವನನ್ನು ಹಿಡಿದು ಸರಪಳಿ ಮಾಡಬಹುದು, ಸುತ್ತಿ ಉಂಗುರ ಮಾಡಬಹುದು, ಆದರೂ ಇನ್ನೆರಡು ಕೈ ಬೇರೆ ಕೆಲಸಕ್ಕೆ ಉಳಿದಿರುತ್ತದೆ.

ಹಗ್ಗಜಗ್ಗಾಟ: ಇದೊಂದು ಅರ್ಥವಾದರೆ ಅರ್ಧ ಪಾಠ ಮುಗಿದಂತೆ

ನನ್ನ ಪ್ರಕಾರ ಬಯಾಲಜಿಗೆ ಬೇಕಾದ ಕೆಮಿಸ್ಟ್ರಿಯಲ್ಲಿ ಇದಕ್ಕಿಂತ ಮುಖ್ಯವಾದ ವಿಷಯ ಇಲ್ಲ. ಹಂಚಿಕೊಂಡ ಎಲೆಕ್ಟ್ರಾನ್‌ಗಳನ್ನು ಇಬ್ಬರೂ ಸಮವಾಗಿ ಎಳೆಯುವುದಿಲ್ಲ. ನಮ್ಮೂರ ಹಗ್ಗಜಗ್ಗಾಟದ ಹಾಗೆ ಒಂದು ಕಡೆ ಗಟ್ಟಿಗರಿದ್ದರೆ ಹಗ್ಗದ ನಡುವಿನ ಗಂಟು ಆ ಕಡೆಗೆ ಸರಿಯುತ್ತದೆ. ಈ ಎಳೆಯುವ ಶಕ್ತಿಗೆ ಎಲೆಕ್ಟ್ರೋನೆಗೆಟಿವಿಟಿ ಅಂತ ಹೆಸರು. 1932ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಲೈನಸ್ ಪೌಲಿಂಗ್ ಇದಕ್ಕೊಂದು ಅಳತೆ ಮಾಡಿದರು. ಆ ಅಳತೆಯಲ್ಲಿ ಈಗ ಹೈಡ್ರೋಜನ್‌ಗೆ 2.2, ಕಾರ್ಬನ್‌ಗೆ 2.55, ನೈಟ್ರೋಜನ್‌ಗೆ 3.04, ಆಕ್ಸಿಜನ್‌ಗೆ 3.44. ನಾಲ್ಕೇ ಅಂಕಿ, ಬಾಯಿಪಾಠ ಮಾಡಿಬಿಡಿ. ಬಾಯಿಪಾಠ ಮಾಡಿ ಅಂತ ನಾನು ಹೇಳುವುದು ಬಹಳ ಕಡಿಮೆ.

ಈಗ ಕಳೆಯುವ ಲೆಕ್ಕ. ಕಾರ್ಬನ್ ಮತ್ತು ಹೈಡ್ರೋಜನ್ ನಡುವೆ ವ್ಯತ್ಯಾಸ 0.35, ಅಂದರೆ ಹೆಚ್ಚುಕಡಿಮೆ ಸಮಬಲ. ಗಂಟು ನಡುವೆಯೇ ನಿಲ್ಲುತ್ತದೆ. ಆಕ್ಸಿಜನ್ ಮತ್ತು ಹೈಡ್ರೋಜನ್ ನಡುವೆ 1.24. ಇಲ್ಲಿ ಗಂಟು ಆಕ್ಸಿಜನ್ ಕಡೆ ಹೋಗಿಬಿಟ್ಟಿತು. ಹಾಗಾಗಿ ಆಕ್ಸಿಜನ್‌ಗೆ ಸ್ವಲ್ಪ ಮೈನಸ್, ಹೈಡ್ರೋಜನ್‌ಗೆ ಸ್ವಲ್ಪ ಪ್ಲಸ್. ಸೋಡಿಯಂ ಮತ್ತು ಕ್ಲೋರಿನ್ ನಡುವೆ ವ್ಯತ್ಯಾಸ 2ಕ್ಕಿಂತ ಜಾಸ್ತಿ. ಅಲ್ಲಿ ಹಂಚಿಕೆ ಅನ್ನುವ ಮಾತೇ ಇಲ್ಲ, ಕ್ಲೋರಿನ್ ಹಗ್ಗವನ್ನೇ ಕಿತ್ತುಕೊಂಡು ಹೋಗುತ್ತದೆ, ಒಬ್ಬ ಪೂರ್ತಿ ಪ್ಲಸ್, ಇನ್ನೊಬ್ಬ ಪೂರ್ತಿ ಮೈನಸ್ ಆಗಿ ಅಯಾನುಗಳಾಗುತ್ತಾರೆ.

ಇನ್ನು ಮುಂದೆ ಯಾವ ಅಣು ಕಂಡರೂ ಕೇಳಬೇಕಾದ ಪ್ರಶ್ನೆ ಒಂದೇ. ಇದರಲ್ಲಿ ಪ್ಲಸ್ ಎಲ್ಲಿದೆ, ಮೈನಸ್ ಎಲ್ಲಿದೆ? ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಪ್ಲಸ್ಸು ಮೈನಸ್ಸು ಒಂದನ್ನೊಂದು ಸೆಳೆಯುತ್ತವೆ, ಅದು ನಿಮಗೆ ಮೊದಲೇ ಗೊತ್ತು. ನೀರು, ಎಣ್ಣೆ, ಹುಳಿ, ಪ್ರೋಟೀನು, ಜೀವಕೋಶ ಶಕ್ತಿಗೆ ಬಳಸುವ ಎಟಿಪಿ ಎಂಬ ಅಣು, ಎಲ್ಲದರಲ್ಲೂ ಇದೇ ಆಟ.

ನೀರು ಮತ್ತು ಕೆಸುವಿನ ಎಲೆ

ಮಳೆಗಾಲದಲ್ಲಿ ತೋಟದ ಬದಿಯಲ್ಲಿ ಕೆಸು ಎದ್ದಿರುತ್ತದಲ್ಲಾ, ಪತ್ರೊಡೆಗೆ ಕೊಯ್ಯುವ ಮೊದಲು ಅದರ ಹತ್ತಿರ ಒಂದೈದು ನಿಮಿಷ ಕೂತುಕೊಳ್ಳಿ. ಎಲೆ ಮೇಲೆ ನೀರು ಹರಡುವುದಿಲ್ಲ. ಗುಂಡಗೆ ಮಣಿಯಾಗಿ ನಿಲ್ಲುತ್ತದೆ. ಎಲೆ ಅಲುಗಿಸಿದರೆ ಎರಡು ಮಣಿ ಹತ್ತಿರ ಬರುತ್ತವೆ, ಮುಟ್ಟಿದ ಕ್ಷಣದಲ್ಲಿ ಚಕ್ಕನೆ ಒಂದಾಗುತ್ತವೆ. ಎಲೆ ಬಗ್ಗಿಸಿದರೆ ಜಾರಿ ಬೀಳುತ್ತದೆ, ಎಲೆ ಒಣಗಿಯೇ ಇರುತ್ತದೆ. ಇದರಲ್ಲಿ ಎರಡು ಪಾಠ ಇದೆ. ಒಂದು, ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಂಡಿವೆ: ಒಂದರ ಹೈಡ್ರೋಜನ್ನಿನ ಸಣ್ಣ ಪ್ಲಸ್, ಪಕ್ಕದ್ದರ ಆಕ್ಸಿಜನ್ನಿನ ಸಣ್ಣ ಮೈನಸ್. ಇದೇ ಹೈಡ್ರೋಜನ್ ಬಂಧ. ನೀರಿನಲ್ಲಿ ಇದು ಅಣುವಿನ ಒಳಗಿನ ಬಂಧ ಅಲ್ಲ, ಎರಡು ಅಣುಗಳ ನಡುವಿನ ಸೆಳೆತ. ಪರೀಕ್ಷೆಯಲ್ಲಿ ತುಂಬ ಮಕ್ಕಳು ಇಲ್ಲೇ ಎಡವುತ್ತಾರೆ. ಎರಡನೆಯದು, ಎಲೆಯ ಮೇಲೆ ಸಣ್ಣ ಸಣ್ಣ ಉಬ್ಬುಗಳಿದ್ದು ಅದರ ಮೇಲೆ ಮೇಣದ ಪದರ ಇದೆ. ಮೇಣ ಅಂದರೆ ಬಹುಪಾಲು ಉದ್ದುದ್ದ ಕಾರ್ಬನ್-ಹೈಡ್ರೋಜನ್ ಸರಪಳಿ, ಸಮಬಲದವರು, ಅಲ್ಲಿ ಪ್ಲಸ್ಸೂ ಇಲ್ಲ ಮೈನಸ್ಸೂ ಇಲ್ಲ. ನೀರಿಗೆ ಅಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಹೈಡ್ರೋಜನ್ ಬಂಧಗಳನ್ನು ಸಡಿಲ ಮಾಡಲು ತುಂಬ ಶಾಖ ಬೇಕು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಜೂಲ್. ಏಪ್ರಿಲ್‌ನ ಮಧ್ಯಾಹ್ನ ಪಣಂಬೂರು ಬೀಚಿನಲ್ಲಿ ಚಪ್ಪಲಿ ಬಿಟ್ಟು ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರಳು ಕಾಲು ಸುಡುತ್ತದೆ, ಅದೇ ಬಿಸಿಲಿಗೆ ಒಡ್ಡಿಕೊಂಡ ನೀರು ತಣ್ಣಗೇ ಇರುತ್ತದೆ. ನಮ್ಮ ದೇಹದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುವುದರಿಂದ ಬಿಸಿಲಿಗೆ ಹೋದ ತಕ್ಷಣ ಮೈ ಕಾಯುವುದಿಲ್ಲ.

ಎಣ್ಣೆ, ಮತ್ತು ಜೀವಕೋಶದ ಪೊರೆ

ನೀರಿನಲ್ಲಿ ಎಣ್ಣೆ ಬೆರೆಯುವುದಿಲ್ಲ ಅನ್ನುವುದು ಗಾದೆಯಷ್ಟು ಹಳೆಯ ವಿಷಯ. ಯಾಕೆ ಅನ್ನುವುದು ಈಗ ನಿಮಗೆ ಗೊತ್ತು, ಮೇಣದ ಕಥೆಯೇ. ಆದರೆ ಒಂದು ಹೆಜ್ಜೆ ಮುಂದೆ ಹೋಗಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಮಂಗಳೂರು, ಉಡುಪಿಯಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಮಾತ್ರ ಬಾಟಲಿಯಲ್ಲಿ ಬೆಳ್ಳಗೆ ಕಾಣುತ್ತದೆ. ಅದೇ ಬಾಟಲಿ ಮಗನ ಚೀಲದಲ್ಲಿ ಬೆಂಗಳೂರಿಗೆ ಹೋದರೆ ಚಳಿಗಾಲದಲ್ಲಿ ಬಿಸಿನೀರಿನಲ್ಲಿಟ್ಟು ಕರಗಿಸಬೇಕು. ಸೂರ್ಯಕಾಂತಿ ಎಣ್ಣೆಗೆ ಹೀಗೆ ಆಗುವುದಿಲ್ಲ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು 90 ಪಾಲು ಸ್ಯಾಚುರೇಟೆಡ್, ಅಂದರೆ ನೇರ ಸರಪಳಿಗಳು. ಒಲೆಯ ಹತ್ತಿರ ನೇರ ಸೌದೆ ಪೇರಿಸಿದ ಹಾಗೆ ಒತ್ತಾಗಿ ಕೂರುತ್ತವೆ. ಸೂರ್ಯಕಾಂತಿ ಎಣ್ಣೆಯ ಸರಪಳಿಗಳಲ್ಲಿ ಎರಡು ಕೈಯ ಬಂಧ ಇರುವ ಕಡೆ ಡೊಂಕು ಇದೆ. ಡೊಂಕು ಸೌದೆ ಪೇರಿಸಲು ಆಗುವುದಿಲ್ಲ, ಅಲ್ವಾ? ಹಾಗಾಗಿ ದ್ರವವಾಗಿಯೇ ಉಳಿಯುತ್ತದೆ. ಬೂತಾಯಿ ಮೀನಿನ ಎಣ್ಣೆಯಲ್ಲಿ ಇಂಥ ಡೊಂಕು ಇನ್ನೂ ಜಾಸ್ತಿ.

ಈಗ ಕೋಶಪೊರೆ. ಅದು ಆಗಿರುವುದು ಮುಖ್ಯವಾಗಿ ಫಾಸ್ಫೋಲಿಪಿಡ್‌ಗಳಿಂದ. ಫಾಸ್ಫೋಲಿಪಿಡ್ ಅಂದರೆ ತಲೆಯಲ್ಲಿ ಫಾಸ್ಫೇಟ್, ಅದಕ್ಕೆ ಮೈನಸ್ ಇದೆ, ನೀರು ಇಷ್ಟ. ಬಾಲ ಎರಡು ಕೊಬ್ಬಿನ ಸರಪಳಿ, ನೀರು ಬೇಡ. ಇಂಥವು ಲಕ್ಷಾಂತರ ನೀರಿನಲ್ಲಿ ಬಿದ್ದರೆ ತಲೆಗಳೆಲ್ಲ ನೀರಿಗೆ, ಬಾಲಗಳೆಲ್ಲ ಒಳಗೆ ಬರುವಂತೆ ಎರಡು ಸಾಲಾಗಿ ತಾವೇ ನಿಲ್ಲುತ್ತವೆ. ಯಾರೂ ಕಟ್ಟಬೇಕಾಗಿಲ್ಲ. ನನಗೆ ಇವತ್ತಿಗೂ ಇದನ್ನು ಹೇಳುವಾಗ ಖುಷಿಯಾಗುತ್ತದೆ. ಸೋಡಿಯಂ ಅಯಾನು ಪೊರೆಯನ್ನು ದಾಟಲು ಬಾಗಿಲು ಯಾಕೆ ಬೇಕು, ಆಕ್ಸಿಜನ್‌ಗೆ ಯಾಕೆ ಬೇಡ ಅನ್ನುವ ಪ್ರಶ್ನೆ ಬಂದರೆ ಸುಮ್ನೆ ಉತ್ತರ ಹುಡುಕಬೇಡಿ, ಪ್ಲಸ್ ಮೈನಸ್ ಗುರುತು ಹಾಕಿ ನೋಡಿ.

ಹುಳಿ, ಸುಣ್ಣ, ಮೀನಿನ ವಾಸನೆ

ಆಮ್ಲ ಅಂದರೆ ನೀರಿನಲ್ಲಿ ಹೈಡ್ರೋಜನ್ ಅಯಾನು ಬಿಟ್ಟುಕೊಡುವುದು. ಪ್ರತ್ಯಾಮ್ಲ ಅಂದರೆ ಅದನ್ನು ಹಿಡಿದುಕೊಳ್ಳುವುದು. ಹೈಡ್ರೋಜನ್‌ನಲ್ಲಿ ಇರುವುದೇ ಒಂದು ಎಲೆಕ್ಟ್ರಾನ್, ಅದೂ ಹೋದರೆ ಉಳಿಯುವುದು ಬರೀ ಪ್ಲಸ್.

ಪ್ರಯೋಗ ಮಾಡಿ. ಮದುವೆಯಲ್ಲಿ ಆರತಿಗೆ ಅರಿಶಿನ ಮತ್ತು ಸುಣ್ಣ ಕಲಸಿ ಕೆಂಪು ನೀರು ಮಾಡುತ್ತಾರೆ, ನಮ್ಮ ಕಡೆ ಕುರ್ದಿ ನೀರು ಅನ್ನುತ್ತಾರೆ. ಅರ್ಧ ಲೋಟ ನೀರಿಗೆ ಒಂದು ಚಿಟಿಕೆ ಅರಿಶಿನ ಹಾಕಿ, ಹಳದಿ. ವೀಳ್ಯದೆಲೆಗೆ ಹಚ್ಚುವ ಸುಣ್ಣ ಕಡಲೆಕಾಳಿನಷ್ಟು ಹಾಕಿ ಕಲಕಿ, ಕೆಂಪು. ಈಗ ನಿಂಬೆರಸ ಹನಿ ಹನಿಯಾಗಿ ಬಿಡಿ. ಮೊದಲ ಹನಿ ಬಿದ್ದ ಜಾಗದಲ್ಲಿ ಹಳದಿ ಚುಕ್ಕೆ ಬಂದು ಕರಗಿಹೋಗುತ್ತದೆ. ಕಲಕುತ್ತಾ ಹೋಗಿ, ಒಂದು ಹಂತದಲ್ಲಿ ಇಡೀ ಲೋಟ ಥಟ್ಟನೆ ಹಳದಿಗೆ ತಿರುಗುತ್ತದೆ. ಲ್ಯಾಬಿನಲ್ಲಿ ಬ್ಯೂರೆಟ್ ಹಿಡಿದು ಮಾಡುವ ಟೈಟ್ರೇಷನ್ ಇದೇ. ಸುಣ್ಣ ಕಣ್ಣಿಗೆ ಹೋಗದ ಹಾಗೆ ಎಚ್ಚರ ವಹಿಸಿ, ಕೈ ತೊಳೆಯಿರಿ. ಹಿತ್ತಿಲಲ್ಲಿ ಶಂಖಪುಷ್ಪ ಇದ್ದರೆ ಅದರ ನೀಲಿ ನೀರಿನಲ್ಲೂ ಮಾಡಿ, ನಿಂಬೆಗೆ ನೇರಳೆ-ಗುಲಾಬಿ, ಸುಣ್ಣಕ್ಕೆ ಹಸಿರು.

ಹುಳಿ ಎಷ್ಟು ಅಂತ ಹೇಳುವ ಪಿಎಚ್ ಅಳತೆಯನ್ನು 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ಸನ್ ಎಂಬ ರಸಾಯನಶಾಸ್ತ್ರಜ್ಞ ತಂದರು. ಅದರಲ್ಲಿ ಒಂದೇ ಒಂದು ವಿಷಯ ಗಮನದಲ್ಲಿಡಿ: ಒಂದು ಅಂಕಿ ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು ಏರಿತು. ಹಾಲಿನ ಪಿಎಚ್ ಸುಮಾರು 6.5, ಮೊಸರಿನದ್ದು ಸುಮಾರು 4.5. ಎರಡೇ ಅಂಕಿಯ ವ್ಯತ್ಯಾಸ, ಆದರೆ ರಾತ್ರಿ ಹೆಪ್ಪು ಹಾಕಿ ಬೆಳಗ್ಗೆ ಏಳುವಷ್ಟರಲ್ಲಿ ನೂರು ಪಟ್ಟು. ರಕ್ತದ ಪಿಎಚ್ 7.35ರಿಂದ 7.45ರ ಒಳಗೆ ಇರಬೇಕು. ಇಷ್ಟು ಇಕ್ಕಟ್ಟಿನಲ್ಲಿ ಹಿಡಿದಿಡಲು ಬೈಕಾರ್ಬನೇಟ್ ಎಂಬ ಬಫರ್ ಇದೆ, ಹೈಡ್ರೋಜನ್ ಅಯಾನು ಜಾಸ್ತಿಯಾದಾಗ ಹಿಡಿದುಕೊಳ್ಳುತ್ತದೆ, ಕಡಿಮೆಯಾದಾಗ ಕಾರ್ಬೊನಿಕ್ ಆಮ್ಲ ಅದನ್ನು ಬಿಟ್ಟುಕೊಡುತ್ತದೆ.

ಇನ್ನು ನಮ್ಮೂರಿನ ಉದಾಹರಣೆ. ಬಂಗುಡೆ ತೊಳೆದ ಕೈಗೆ ನಿಂಬೆಹಣ್ಣಿನ ಸಿಪ್ಪೆ ಯಾಕೆ ಉಜ್ಜುತ್ತೇವೆ? ಮೀನು ಸಾರಿಗೆ ಹುಣಸೆ, ಬಿಂಬುಳಿ, ಏನಾದರೂ ಒಂದು ಹುಳಿ ಯಾಕೆ ಬೇಕೇ ಬೇಕು? ರುಚಿಗೆ ಹೌದು. ಅದರ ಜೊತೆ ಇನ್ನೊಂದು ಕಾರಣ ಇದೆ. ಮೀನಿನ ವಾಸನೆಯಲ್ಲಿ ಮುಖ್ಯವಾದದ್ದು ಟ್ರೈಮೀಥೈಲ್ ಅಮೈನ್. ಹೆಸರು ಉದ್ದ, ಅಣು ಸಣ್ಣದು: ನಡುವೆ ನೈಟ್ರೋಜನ್, ಅದರ ಮೂರು ಕೈಯಲ್ಲಿ ಮೂರು ಕಾರ್ಬನ್. ಇದು ಪ್ರತ್ಯಾಮ್ಲ, ಹಗುರ, ಗಾಳಿಗೆ ಹಾರಿ ಮೂಗಿಗೆ ಬರುತ್ತದೆ. ಹುಳಿ ಬಿದ್ದಾಗ ನೈಟ್ರೋಜನ್ ಒಂದು ಹೈಡ್ರೋಜನ್ ಅಯಾನನ್ನು ಹಿಡಿದುಕೊಂಡು ಇಡೀ ಅಣು ಪ್ಲಸ್ ಆಗುತ್ತದೆ. ಪ್ಲಸ್ ಆದವನನ್ನು ನೀರು ಬಿಡುವುದಿಲ್ಲ. ಹಾರಲು ಆಗದಿದ್ದ ಮೇಲೆ ವಾಸನೆ ಎಲ್ಲಿಂದ ಬರಬೇಕು? ಈ ಉದಾಹರಣೆ ಹೇಳಿದ ದಿನ ಒಬ್ಬಳು ಹುಡುಗಿ ಮನೆಗೆ ಹೋಗಿ ಅಜ್ಜಿಗೆ ಪೂರ್ತಿ ವಿವರಿಸಿದಳಂತೆ, ಅಜ್ಜಿ "ಅಷ್ಟು ನನಗೆ ಗೊತ್ತುಂಟು, ಹೆಸರು ಗೊತ್ತಿರ್ಲಿಲ್ಲ" ಅಂದರಂತೆ.

ದೊಡ್ಡ ಅಣುಗಳು

ಪಿಷ್ಟ, ಪ್ರೋಟೀನು, ಡಿಎನ್‌ಎ ಎಲ್ಲವೂ ಸಣ್ಣ ಮಣಿ ಪೋಣಿಸಿದ ಸರಗಳು. ಎರಡು ಮಣಿ ಸೇರುವಾಗ ಒಂದು ನೀರಿನ ಅಣು ಹೊರಗೆ ಬರುತ್ತದೆ, ಬಿಡಿಸುವಾಗ ಒಂದು ನೀರು ಒಳಗೆ ಹೋಗುತ್ತದೆ. ಜೀರ್ಣ ಆಗುವುದು ಅಂದರೆ ಬಹುಪಾಲು ಈ ಎರಡನೆಯ ಕೆಲಸ.

ಪಿಷ್ಟವನ್ನು ಕಣ್ಣಾರೆ ನೋಡಲು ಕುಚ್ಚಲಕ್ಕಿ ಗಂಜಿಯ ತಿಳಿ ಸಾಕು. ತಣ್ಣಗಾದ ತಿಳಿಗೆ ಅಷ್ಟೇ ನೀರು ಬೆರೆಸಿ, ಗಾಯಕ್ಕೆ ಹಚ್ಚುವ ಬೆಟಾಡಿನ್ ದ್ರಾವಣವನ್ನು ನೀರಿನಲ್ಲಿ ತೆಳು ಮಾಡಿ ಒಂದೆರಡು ಹನಿ ಬಿಡಿ. ಕಡುನೀಲಿ ಆಗುತ್ತದೆ. ಪಿಷ್ಟದ ಸರ ಸುರುಳಿ ಸುತ್ತಿರುತ್ತದೆ, ಅಯೋಡಿನ್ ಆ ಸುರುಳಿಯೊಳಗೆ ಹೋಗಿ ಕೂತಿದೆ. ಈಗ ಅದನ್ನು ಒಂದು ಹಳೇ ಸ್ಟೀಲ್ ಲೋಟದಲ್ಲಿ ಬಿಸಿ ಮಾಡಿ. ನೀಲಿ ಮಾಯ. ಸುರುಳಿ ಸಡಿಲವಾಗಿ ಅಯೋಡಿನ್ ಹೊರಬಂತು. ಪೂರ್ತಿ ತಣಿಯಲು ಬಿಡಿ, ನೀಲಿ ಪುನಃ ಬರುತ್ತದೆ. ತುಂಬ ಹೊತ್ತು ಕುದಿಸಿದರೆ ಅಯೋಡಿನ್ ಹಾರಿಹೋಗುತ್ತದೆ, ಆಗ ಬರುವುದಿಲ್ಲ. ಆಮೇಲೆ ಅದನ್ನು ಚೆಲ್ಲಿಬಿಡಿ, ಯಾರೂ ಕುಡಿಯಬಾರದು. ಬಾಳೆದಿಂಡಿನ ನಾರೂ ಗ್ಲೂಕೋಸಿನದ್ದೇ ಸರ, ಆದರೆ ಮಣಿಗಳು ಒಂದು ಬಿಟ್ಟು ಒಂದು ತಲೆಕೆಳಗಾಗಿ ಸೇರಿವೆ. ನಮ್ಮ ಎಂಜೈಮು, ಅಂದರೆ ಇಂಥ ಕೆಲಸಕ್ಕೆ ವೇಗ ಕೊಡುವ ಪ್ರೋಟೀನು, ಆ ಗಂಟು ಬಿಚ್ಚಲಾರದು.

ಪ್ರೋಟೀನಿಗೆ ಆಕಾರವೇ ಎಲ್ಲ. ಆ ಆಕಾರವನ್ನು ಹಿಡಿದಿಟ್ಟಿರುವುದರಲ್ಲಿ ಹೈಡ್ರೋಜನ್ ಬಂಧ ಮತ್ತು ಪ್ಲಸ್-ಮೈನಸ್ ಸೆಳೆತದ ಪಾಲು ದೊಡ್ಡದು. ಮೀನಿನ ತುಂಡಿಗೆ ನಿಂಬೆರಸ ಹಚ್ಚಿಟ್ಟರೆ ಅಂಚು ಬೇಯದೆಯೇ ಬೆಳ್ಳಗಾಗುತ್ತದೆ, ನೋಡಿದ್ದೀರಾ? ಹೈಡ್ರೋಜನ್ ಅಯಾನು ನುಗ್ಗಿ ಮೈನಸ್‌ಗಳನ್ನೆಲ್ಲ ಮುಚ್ಚಿಹಾಕಿತು, ಆಕಾರ ಕಳಚಿತು. ಬಿಸಿಗೂ ಹೀಗೇ ಆಗುತ್ತದೆ. ಸರ ತುಂಡಾಗಲಿಲ್ಲ, ಮಡಿಕೆ ಬಿಚ್ಚಿತು, ಅಷ್ಟೇ. ಜ್ವರ ತೀರಾ ಏರಿದರೆ ಯಾಕೆ ಅಪಾಯ, ಎಂಜೈಮುಗಳಿಗೆ ಪಿಎಚ್ ಯಾಕೆ ಮುಖ್ಯ ಎಂಬ ಪ್ರಶ್ನೆಗಳಿಗೂ ಉತ್ತರದ ಬುಡ ಇಲ್ಲೇ ಇದೆ.

ಎಟಿಪಿ ಬಗ್ಗೆ ಒಂದು ತಪ್ಪು ತಿಳುವಳಿಕೆ ಬಿಡಿಸಲೇಬೇಕು. "ಬಂಧ ಮುರಿದಾಗ ಶಕ್ತಿ ಬರುತ್ತದೆ" ಅಂತ ಎಲ್ಲರೂ ಬರೆಯುತ್ತಾರೆ. ಯಾವ ಬಂಧವನ್ನು ಮುರಿಯಲೂ ಶಕ್ತಿ ಖರ್ಚಾಗುತ್ತದೆ. ಹೊಸ ಬಂಧ ಆಗುವಾಗ ಶಕ್ತಿ ಹೊರಬರುತ್ತದೆ. ಎಟಿಪಿಯಲ್ಲಿ ಮೂರು ಫಾಸ್ಫೇಟ್ ಸಾಲಾಗಿ ಕೂತಿವೆ, ಮೂರಕ್ಕೂ ಮೈನಸ್, ಒಂದನ್ನೊಂದು ತಳ್ಳುತ್ತಿರುತ್ತವೆ. ನೀರು ಸೇರಿ ಕೊನೆಯದು ಬೇರೆಯಾದಾಗ ಹೊಸದಾಗಿ ಆದ ಬಂಧಗಳು, ಕಡಿಮೆಯಾದ ತಳ್ಳಾಟ ಎಲ್ಲ ಕೂಡಿ ಲೆಕ್ಕ ಹಾಕಿದರೆ ಖರ್ಚಿಗಿಂತ ಆದಾಯ ಜಾಸ್ತಿ, ಒಂದು ಮೋಲ್‌ಗೆ ಸುಮಾರು 30 ಕಿಲೋಜೂಲ್.

ಮೋಲ್, ಮತ್ತು ಉಪ್ಪಿನ ಲೆಕ್ಕ

ಮೋಲ್ ಅಂದರೆ ಡಜನ್ ಇದ್ದ ಹಾಗೆ ಒಂದು ಎಣಿಕೆ. ಡಜನ್‌ಗೆ 12, ಮೋಲ್‌ಗೆ 6.022 ಗುಣಿಸು 10ರ 23ನೇ ಘಾತ. 18 ಗ್ರಾಂ ನೀರು ಒಂದು ಮೋಲ್, ಅಂದರೆ ಮೂರೂವರೆ ಟೀ ಚಮಚಕ್ಕಿಂತ ತುಸು ಜಾಸ್ತಿ. ಗ್ಲೂಕೋಸ್ 180 ಗ್ರಾಂ ಒಂದು ಮೋಲ್, ಉಪ್ಪು 58.5 ಗ್ರಾಂ.

ಬಯಾಲಜಿಗೆ ಈ ಲೆಕ್ಕ ಯಾಕೆ ಬೇಕು? ಮಳೆಗಾಲಕ್ಕೆಂದು ಹಲಸಿನ ಸೊಳೆಗೆ ಉಪ್ಪು ಹಾಕಿ ಭರಣಿಯಲ್ಲಿ ತುಂಬಿಡುತ್ತೇವೆ. ಹಾಕಿದ್ದು ಬರೀ ಉಪ್ಪು, ಮರುದಿನ ನೋಡಿದರೆ ಭರಣಿಯಲ್ಲಿ ನೀರು. ಅದು ಸೊಳೆಯ ಕೋಶಗಳಿಂದ ಬಂದ ನೀರು. ಹೊರಗೆ ಕರಗಿದ ಕಣ ಜಾಸ್ತಿ ಇದ್ದರೆ ನೀರು ಆ ಕಡೆ ಹೋಗುತ್ತದೆ, ಇದೇ ಆಸ್ಮಾಸಿಸ್. ಇಲ್ಲಿ ಲೆಕ್ಕಕ್ಕೆ ಬರುವುದು ಗ್ರಾಂ ಅಲ್ಲ, ಕಣಗಳ ಎಣಿಕೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಸಲೈನ್‌ನಲ್ಲಿ ಲೀಟರಿಗೆ 9 ಗ್ರಾಂ ಉಪ್ಪು. 9 ಭಾಗಿಸು 58.5, ಸುಮಾರು 0.15 ಮೋಲ್. ಉಪ್ಪು ನೀರಿನಲ್ಲಿ ಎರಡು ಅಯಾನು ಆಗುವುದರಿಂದ ಕಣಗಳು 0.3 ಮೋಲ್. ಗ್ಲೂಕೋಸ್ ಡ್ರಿಪ್ಪಿನಲ್ಲಿ ಲೀಟರಿಗೆ 50 ಗ್ರಾಂ. 50 ಭಾಗಿಸು 180, ಸುಮಾರು 0.28 ಮೋಲ್, ಗ್ಲೂಕೋಸ್ ಒಡೆಯುವುದಿಲ್ಲ. ತೂಕದಲ್ಲಿ ಐದು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ, ಎಣಿಕೆಯಲ್ಲಿ ಹೆಚ್ಚುಕಡಿಮೆ ಸಮ, ರಕ್ತದ ಎಣಿಕೆಗೂ ಹತ್ತಿರ. ಹಾಗಾಗಿ ಒಳಗೆ ಹೋದಾಗ ರಕ್ತಕಣ ಉಬ್ಬುವುದೂ ಇಲ್ಲ, ಮುದುಡುವುದೂ ಇಲ್ಲ.

ಕೊನೆಯದೊಂದು ಲೆಕ್ಕ ನೀವೇ ಮಾಡಿ, ಆಮೇಲೆ ನನ್ನ ಉತ್ತರ ನೋಡಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಎಲ್ಲವೂ ಅಡುಗೆ ಉಪ್ಪೇ ಅಂತ ಇಟ್ಟುಕೊಳ್ಳಿ. ಮಲ್ಪೆಯಲ್ಲಿ ಅಲೆ ಬಡಿದು ಬಾಯಿಗೆ ನುಗ್ಗಿದ ನೀರನ್ನು ಯಾಕೆ ಕುಡಿಯಬಾರದು? 35 ಭಾಗಿಸು 58.5, ಸುಮಾರು 0.6 ಮೋಲ್. ಎರಡರಿಂದ ಗುಣಿಸಿ, 1.2. ರಕ್ತದಲ್ಲಿ 0.3ರ ಹತ್ತಿರ. ನಾಲ್ಕು ಪಟ್ಟು ಜಾಸ್ತಿ. ಆ ಉಪ್ಪನ್ನು ಹೊರಹಾಕಲು ನಮ್ಮ ಕಿಡ್ನಿಗೆ ಕುಡಿದದ್ದಕ್ಕಿಂತ ಜಾಸ್ತಿ ನೀರು ಬೇಕು, ಅದನ್ನು ದೇಹವೇ ಕೊಡಬೇಕು, ಭರಣಿಯ ಸೊಳೆ ಕೊಟ್ಟ ಹಾಗೆ.